ಮೀಸೆ ಸಮೇತ ಹತ್ತು ಡ್ರಾಂ

ಇಂಗ್ಲೆಂಡಿನ ಅಂಗಡಿಗಳ ಅಳತೆಗಳೆಲ್ಲ ಲೀಟರು, ಕಿಲೋಗಳಿಗೆ ಬದಲಾಗಿ ಎಷ್ಟೋ ಕಾಲವಾದರೂ ಮೂರು ಪದಾರ್ಥಗಳು ಹಳೆಯ ಪೈಂಟ್ ಲೆಕ್ಕವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ: ಹಾಲು, ಬಿಯರು ಮತ್ತು ನೊಣದ ಹುಳು. ಮೊದಲನೆಯದು ಚಹಾಕ್ಕೆ, ಎರಡನೆಯದು ಸಂಜೆಗೆ. ಮೂರನೆಯದು, ಭಾನುವಾರ ಬೆಳಗ್ಗೆ ಹಾಸಿಗೆ ಬಿಟ್ಟೆದ್ದು ಕಾಲುವೆಯ ದಂಡೆಗೆ ಹೋಗಿ ಮಂಜಿನಲ್ಲಿ ಕೂರುವ ಜನಕ್ಕೆ. ಗಾಳದ ಸಾಮಾನಿನ ಅಂಗಡಿಯವನು ‘ಒಂದು ಪೈಂಟ್ ಕೆಂಪಾ, ಬಿಳಿಯಾ?’ ಎಂದು ಕೇಳಿ, ಡಬ್ಬಿಯಲ್ಲಿ ಅಳೆದು, ಮೇಲಿಷ್ಟು ಕೊಸರು ಹಾಕುತ್ತಾನೆ. ಕೊಸರು ಹಾಕುವ ವ್ಯಾಪಾರಿಯನ್ನು ಈ ದೇಶದಲ್ಲಿ ನಾನು ಕಂಡದ್ದು ಅಲ್ಲೊಂದೇ ಕಡೆ.

ಹುಳುಗಳಲ್ಲೂ ಜಾತಿಯಿದೆ. ದೊಡ್ಡ ನೀಲಿ ನೊಣದ ಮರಿ ಮ್ಯಾಗಟ್. ಹಸಿರು ನೊಣದ್ದು ಪಿಂಕಿ, ಅದಕ್ಕಿಂತ ಚಿಕ್ಕದು. ಮನೆನೊಣದ್ದು ಸ್ಕ್ವಾಟ್, ಅದು ಅಕ್ಕಿ ನುಚ್ಚಿನಷ್ಟು. ಬೆಚ್ಚಗಿಟ್ಟರೆ ಇವೆಲ್ಲ ಕೋಶ ಕಟ್ಟಿ ಕಂದು ಬಣ್ಣದ ಕ್ಯಾಸ್ಟರ್ ಆಗುತ್ತವೆ, ಇನ್ನೂ ಬೆಚ್ಚಗಿಟ್ಟರೆ ರೆಕ್ಕೆ ಮೂಡಿ ಅಡುಗೆಮನೆಯ ದೀಪಕ್ಕೆ ಮುತ್ತುತ್ತವೆ. ಆದ್ದರಿಂದ ಫ್ರಿಜ್ಜೇ ಗತಿ. ಫ್ರಿಜ್ಜಿನ ಮೇಲಿನ ಅರೆಯಲ್ಲಿ ದೋಸೆ ಹಿಟ್ಟು ಹುಳಿಯೇರದಂತೆ ಕಾಯುತ್ತಿರುವ ಮನೆಯಲ್ಲಿ ಕೆಳಗಿನ ಅರೆಯಲ್ಲಿ ಪಿಂಕಿಗಳಿಗೆ ಜಾಗ ಕೇಳುವುದು ಎಂಥ ರಾಜತಾಂತ್ರಿಕ ಕೆಲಸವೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದವರ ಮನೆಯ ಐಸ್‌ಕ್ರೀಂ ಡಬ್ಬಿಯಲ್ಲಿ ಐಸ್‌ಕ್ರೀಂ ಇರುವುದಿಲ್ಲವೆಂಬುದು ಲೋಕಕ್ಕೇ ಗೊತ್ತು. ಆದರೆ ಹೆಚ್ಚೆಂದರೆ ಕರಿಬೇವೋ ಹುಣಸೆಹಣ್ಣೋ ಇದ್ದೀತೆಂಬ ನಂಬಿಕೆಯ ಮೇಲೆಯೇ ನೆಂಟರು ಅದರ ಮುಚ್ಚಳ ತೆಗೆಯುತ್ತಾರೆ. ನನ್ನ ಹೆಂಡತಿಯ ಷರತ್ತು ಎರಡೇ: ಡಬ್ಬಿಗೆ ಸುತ್ತಲೂ ಟೇಪು, ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು. ಅಷ್ಟಾದರೂ ‘ಫ್ರಿಜ್ಜಿನೊಳಗೆ ಏನೋ ಸರಸರ ಅನ್ನುತ್ತದೆ ನೋಡಿ’ ಎಂದು ರಾತ್ರಿ ಎಬ್ಬಿಸುವ ಹಕ್ಕನ್ನು ಅವಳು ಉಳಿಸಿಕೊಂಡಿದ್ದಾಳೆ.

ನಾನು ಹಲ್ಲಿನ ಡಾಕ್ಟರು. ಹುಟ್ಟಿದ್ದು ಕುಮಟೆಯ ಬದಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ತಗ್ಗಿನಲ್ಲಿ. ಅನ್ನ ಸಿಕ್ಕಿದ್ದು ಹಳೆಯ ಲ್ಯಾಂಕಾಶೈರಿನ ವಿಗನ್ ಪಟ್ಟಣದ ಆಸುಪಾಸಿನಲ್ಲಿ. ಹಲ್ಲಿನ ಡಾಕ್ಟರಿಗೆ ಇರುವ ದೊಡ್ಡ ಸುಖವೆಂದರೆ ಎದುರಿಗಿದ್ದವರು ಮಾತಿಗೆ ಮಾತು ಸೇರಿಸಲಾರರು. ಬಾಯಿ ತುಂಬ ಹತ್ತಿ ತುರುಕಿಸಿಕೊಂಡು ಮಲಗಿದ್ದ ಒಬ್ಬ ನಿವೃತ್ತ ಬಸ್ ಡ್ರೈವರಿಗೆ ನಾನು ನಮ್ಮೂರಿನ ಹೊಳೆ, ಗಜನಿ, ಗಾಳಗಳ ಪುರಾಣವನ್ನು ಸಾಂಗವಾಗಿ ಕೇಳಿಸಿದೆ. ಹತ್ತಿ ಹೊರಗೆ ಬಂದ ಕೂಡಲೇ ಆತ ಆಡಿದ ಮೊದಲ ಮಾತು, ‘ಭಾನುವಾರ ಪುರುಸೊತ್ತಿದೆಯಾ ಡಾಕ್ಟರೇ?’ ಆತ ಒಂದು ಗಾಳದ ಕ್ಲಬ್ಬಿನ ತಂಡದ ಕ್ಯಾಪ್ಟನ್, ತಂಡಕ್ಕೆ ಒಂದು ಆಳು ಕಡಿಮೆ ಬಿದ್ದಿತ್ತು. ತಂಡದ ಆಟಗಳಲ್ಲಿ ಪ್ರತಿಭೆಯಿಂದ ಆಯ್ಕೆಯಾದವರಿಗಿಂತ ಆಳು ಕಡಿಮೆ ಬಿದ್ದು ಆಯ್ಕೆಯಾದವರೇ ಹೆಚ್ಚೆಂಬುದು ನನ್ನ ಅನುಮಾನ. ನಮ್ಮೂರ ವಾಲಿಬಾಲ್ ತಂಡಕ್ಕೂ ನಾನು ಸೇರಿದ್ದು ಈ ದಾರಿಯಿಂದಲೇ.

ನಮ್ಮ ಕಡೆ ಮೀನು ಹಿಡಿಯುವುದು ಆಟವಲ್ಲ. ಗಜನಿಯೆಂದರೆ ಉಪ್ಪುನೀರು ಏರಿ ಇಳಿಯುವ ತಗ್ಗು ಗದ್ದೆ. ಮಳೆಗಾಲದಲ್ಲಿ ಅದರಲ್ಲಿ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಾದ ಮೇಲೆ ಭರತದ ನೀರಿನ ಜೊತೆ ಶೆಟ್ಲಿ, ಮೀನು ಒಳಗೆ ಬರುತ್ತವೆ. ಇಳಿತದ ಹೊತ್ತಿಗೆ ಕಟ್ಟೆಯ ಬಾಗಿಲಿಗೆ ಬಲೆ ಕಟ್ಟಿದರಾಯಿತು. ದೊಡ್ಡವರದು ಬಲೆಯಾದರೆ ಹುಡುಗರದು ಗಾಳ. ಸಿಕ್ಕಿದ್ದು ಸಾರಿಗೆ, ಹೆಚ್ಚಾದದ್ದು ಪಕ್ಕದ ಮನೆಗೆ, ಅದಕ್ಕೂ ಮಿಕ್ಕಿದರೆ ಬೆಕ್ಕಿಗೆ. ಹಿಡಿದ ಮೀನನ್ನು ತೂಗಿ, ಬೆನ್ನು ಸವರಿ, ‘ಹೋಗಿ ಬಾ’ ಎಂದು ನೀರಿಗೆ ಬಿಡುವವನನ್ನು ನಮ್ಮಲ್ಲಿ ಮೊದಲು ಗೋಕರ್ಣದ ಪುರೋಹಿತರ ಹತ್ತಿರ, ಆಮೇಲೆ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಕಾಲುವೆಯ ಪಂದ್ಯದಲ್ಲಿ ಬಿಡದೆ ಮನೆಗೆ ಒಯ್ದವನನ್ನು ಕ್ಲಬ್ಬಿನಿಂದ ಹೊರಗೆ ಹಾಕುತ್ತಾರೆ. ಸಾಲದ್ದಕ್ಕೆ ಈ ಬಿಟ್ಟುಬಿಡುವ ಭಾಗ್ಯಕ್ಕೂ ಸರಕಾರದ ಲೈಸೆನ್ಸ್ ಬೇಕು. 13 ವರ್ಷ ತುಂಬಿದ ಯಾರೇ ಆಗಲಿ, ಲೈಸೆನ್ಸ್ ಇಲ್ಲದೆ ಸಿಹಿನೀರಿಗೆ ಗಾಳ ಇಳಿಬಿಟ್ಟರೆ 2,500 ಪೌಂಡಿನವರೆಗೆ ದಂಡ. ಅದರಲ್ಲಿ ಮೀನು ಸಿಗದವರಿಗೆ ರಿಯಾಯಿತಿಯೇನೂ ಇಲ್ಲ.

ಆ ಭಾನುವಾರದ ಪಂದ್ಯ ನಡೆದದ್ದು ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಮೇಲೆ. 127 ಮೈಲಿ ಉದ್ದದ ಈ ಕಾಲುವೆಗೆ 1770ರಲ್ಲಿ ಗುದ್ದಲಿ ಹಾಕಿ 1816ರಲ್ಲಿ ಮುಗಿಸಿದರು. ನಡುವೆ ದುಡ್ಡು ಖಾಲಿಯಾಯಿತು, ಯುದ್ಧ ಬಂತು, ಹಾದಿ ಯಾವ ಊರಿನ ಮೇಲೆ ಹೋಗಬೇಕೆಂದು ಜಗಳವಾಯಿತು. ನಮ್ಮೂರ ಹೆದ್ದಾರಿ ಅಗಲೀಕರಣವನ್ನು ಕಣ್ಣಾರೆ ಕಂಡವನಿಗೆ ಇದು ವೇಗದ ಕೆಲಸವೆಂದೇ ತೋರುತ್ತದೆ. ವಿಗನ್ನಿನಲ್ಲಿ ಕಾಲುವೆ 21 ಲಾಕುಗಳ ಮೇಲೆ, ನೀರಿನ ಮೆಟ್ಟಿಲು ಹತ್ತಿದಂತೆ, ಇನ್ನೂರಕ್ಕೂ ಹೆಚ್ಚು ಅಡಿ ಏರುತ್ತದೆ. ಕಲ್ಲಿದ್ದಲು ಹೊತ್ತ ದೋಣಿಗಳನ್ನು ದಂಡೆಯ ಮೇಲಿನಿಂದ ಕುದುರೆಗಳು ಎಳೆಯುತ್ತಿದ್ದ ಹಾದಿಯಲ್ಲಿ ಈಗ ಸೈಕಲ್ಲಿನವರು ಗಂಟೆ ಬಾರಿಸುತ್ತಾ ಹೋಗುತ್ತಾರೆ. ಜಾರ್ಜ್ ಆರ್ವೆಲ್ ಈ ಊರಿನ ಗಣಿಗಳನ್ನು ನೋಡಿ ಹೋಗಿ 1937ರಲ್ಲಿ ತನ್ನ ಪುಸ್ತಕದ ಹೆಸರಿಗೆ ಸೇರಿಸಿದ ‘ವಿಗನ್ ಪಿಯರ್’ ಕೂಡ ಸಮುದ್ರ ತೀರದ ಕಟ್ಟೆಯಲ್ಲ, ಇದೇ ಕಾಲುವೆಯ ದೋಣಿಗಳಿಗೆ ಕಲ್ಲಿದ್ದಲು ಸುರಿಯುತ್ತಿದ್ದ ಜಾಗ.

ಈ ಕಾಲುವೆಯ ಮೇಲೆ ನನಗೆ ಒಂದು ಸ್ವಂತ ಹಕ್ಕೂ ಇದೆ. ಕಾಲುವೆಯವರಿಗೆ ಅದು ಗೊತ್ತಿಲ್ಲ. ಕುಮಟೆ ಒಂದು ಕಾಲಕ್ಕೆ ಹತ್ತಿಯ ಬಂದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗಿ, ದೂರದ ಪೇಟೆಗಳಲ್ಲಿ ಬೆಳೆದ ಊರಿನ ಹೆಸರು ಕಳೆದುಕೊಂಡು ಹಡಗು ಹತ್ತಿದ ಊರಿನ ಹೆಸರಿನಲ್ಲಿ, ‘ಕುಂಪ್ಟಾ ಹತ್ತಿ’ಯಾಗಿ ಮಾರಾಟವಾಗುತ್ತಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಬಾಗಿಲು ಹಾಕಿದವು, ಕೂಲಿಕಾರರು ಹಸಿದರು, ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ನಮ್ಮ ಕರಾವಳಿಯ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ಅವರ ಹಟವೂ ಇತ್ತು. ಲಿವರ್‌ಪೂಲಿನಲ್ಲಿ ಇಳಿದ ನಮ್ಮ ಹತ್ತಿಯ ಒಂದೆರಡು ಹಿಂಡಿಗೆಯಾದರೂ ಇದೇ ನೀರಿನ ಮೇಲೆ ದೋಣಿಯೇರಿ ಯಾವುದೋ ಗಿರಣಿಗೆ ಹೋಗಿರಬಹುದು. ಮೀನು ಕಚ್ಚದ ಮೊದಲ ಎರಡು ತಾಸು ನಾನು ಈ ಹಿಂಡಿಗೆಗಳನ್ನು ಮನಸ್ಸಿನಲ್ಲೇ ದಾಟಿಸುತ್ತಾ ಕೂತಿದ್ದೆ. ಕಾಲ ಕಳೆಯಲು ಇತಿಹಾಸದಷ್ಟು ಒಳ್ಳೆಯದು ಬೇರೆ ಇಲ್ಲ.

ಆದರೆ ಅದಕ್ಕೆ ಮೊದಲು ಚೀಟಿ ಎತ್ತುವ ಶಾಸ್ತ್ರವಿದೆ. ದಂಡೆಯ ಉದ್ದಕ್ಕೂ ನಂಬರು ಹಾಕಿದ ಜಾಗಗಳು. ಒಂದೊಂದಕ್ಕೂ ಪೆಗ್ ಎನ್ನುತ್ತಾರೆ. 12 ತಂಡ, ತಂಡಕ್ಕೆ ಆರು ಜನ, ಕಾಲುವೆಯನ್ನೂ ಆರು ಭಾಗ ಮಾಡಿ ಭಾಗಕ್ಕೊಬ್ಬರಂತೆ ಹಂಚುತ್ತಾರೆ. ಯಾರ ಪಾಲಿಗೆ ಯಾವ ಪೆಗ್ ಎಂಬುದು ಚೀಲದೊಳಗೆ ಕೈ ಹಾಕುವ ಕ್ಯಾಪ್ಟನ್ನಿನ ಹಣೆಬರಹ. ಸೇತುವೆಯ ಕೆಳಗೆ, ಆಚೆ ದಡದಲ್ಲಿ ದೋಣಿ ಕಟ್ಟಿದಲ್ಲಿ, ಜೊಂಡು ಬೆಳೆದಲ್ಲಿ ಮೀನು ಇರುತ್ತದೆ. ಮಿಕ್ಕಲ್ಲಿ ನೀರು ಇರುತ್ತದೆ. ನಮ್ಮ ಕ್ಯಾಪ್ಟನ್ ಕೈ ಹಾಕುವ ಮೊದಲು ಟೋಪಿ ತೆಗೆದು, ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿದ. ಇಂಗ್ಲಿಷರು ಶಕುನ ನಂಬುವುದಿಲ್ಲವೆಂದು ನನಗೆ ಶಾಲೆಯಲ್ಲಿ ಹೇಳಿಕೊಟ್ಟವರು ಇದನ್ನು ನೋಡಬೇಕಿತ್ತು. ಎದ್ದ ಚೀಟಿಗಳಲ್ಲಿ ಸೇತುವೆ ಸಿಕ್ಕಿದ್ದು ನಮ್ಮ ತಂಡದ ಪ್ಲಂಬರನೊಬ್ಬನಿಗೆ. ನನಗೆ ಸಿಕ್ಕಿದ್ದು ಕಾರ್ಖಾನೆಯ ಗೋಡೆಯೆದುರಿನ ಬಟ್ಟಬಯಲು. ಚೀಟಿ ನೋಡಿದ ಇನ್ನೊಂದು ತಂಡದ ಮುದುಕನೊಬ್ಬ ನನ್ನ ಭುಜದ ಮೇಲೆ ಕೈ ಇಟ್ಟ. ಏನೂ ಹೇಳಲಿಲ್ಲ.

ಆಟದ ಮರ್ಮ ತಿಳಿದದ್ದು ಆಗಲೇ. ಒಬ್ಬೊಬ್ಬರೇ ಆಡುವ ಪಂದ್ಯದಲ್ಲಿ ಕೆಟ್ಟ ಪೆಗ್ ಸಿಕ್ಕಿದವನು ಹಣೆ ಚಚ್ಚಿಕೊಂಡು ಮನೆಗೆ ಹೋಗಬಹುದು. ತಂಡದ ಪಂದ್ಯದಲ್ಲಿ ಹಾಗಿಲ್ಲ. ಇಲ್ಲಿ ಅಂಕ ಕೊಡುವುದು ತೂಕಕ್ಕಲ್ಲ, ಆ ಭಾಗದೊಳಗಿನ ಸ್ಥಾನಕ್ಕೆ. ಮೊದಲನೆಯವನಿಗೆ 12, ಎರಡನೆಯವನಿಗೆ 11, ಹೀಗೆ ಇಳಿಯುತ್ತದೆ. ಬರಿಗೈಯವನಿಗೆ ಸೊನ್ನೆ. ಒಬ್ಬ ಹತ್ತು ಪೌಂಡು ಹಿಡಿಯಲಿ, ನಾಲ್ಕು ಪೌಂಡು ಹಿಡಿಯಲಿ, ಅವನ ಭಾಗಕ್ಕೆ ಮೊದಲಿಗನಾದರೆ ಅದೇ 12. ಆದರೆ ಹಲವರು ಬರಿಗೈಯಲ್ಲಿ ಕೂತಿರುವ ಕಡೆ ಬೆರಳುದ್ದದ ಒಂದು ಮೀನು ಎತ್ತಿದವನು ಸೊನ್ನೆಯಿಂದ ನೇರ ನಾಲ್ಕೈದು ಅಂಕಕ್ಕೆ ಜಿಗಿಯುತ್ತಾನೆ. ‘ಒಂದು ಮೀನು ಡಾಕ್ಟರೇ, ಎಷ್ಟು ಚಿಕ್ಕದಾದರೂ ಸರಿ, ಕಣ್ಣು ಇದ್ದರೆ ಸಾಕು’ ಎಂದು ಕ್ಯಾಪ್ಟನ್ ನನಗೆ ಹೇಳಿ ಕಳಿಸಿದ. ಪ್ಲಂಬರನಿಗೆ ಏನೂ ಹೇಳಲಿಲ್ಲ.

ಐಸಾಕ್ ವಾಲ್ಟನ್ 1653ರಲ್ಲಿ ‘ದಿ ಕಂಪ್ಲೀಟ್ ಆ್ಯಂಗ್ಲರ್’ ಬರೆದಾಗ ಗಾಳ ಹಾಕುವುದನ್ನು ಚಿಂತನಶೀಲರ ವಿರಾಮದ ಕೆಲಸವೆಂದು ಕರೆದ. ಪಾಪ, ಅವನು ಕಾರ್ಖಾನೆಗಳಿಗೆ ಮೊದಲೇ ಹುಟ್ಟಿದವನು. ಆರು ದಿನ ಸಿಳ್ಳು ಕೇಳಿ ಕೆಲಸಕ್ಕೆ ಹೋಗುತ್ತಿದ್ದ ಜನ ಏಳನೆಯ ದಿನ ನೀರಿನ ದಂಡೆಗೂ ಸಿಳ್ಳು ತಂದರು. ಪಬ್ಬಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ತಂಡ, ತಂಡದ ಮೇಲೆ ಬಾಜಿ. ಶೆಫೀಲ್ಡಿನಿಂದ ಗಾಳದವರನ್ನು ಹೊತ್ತ ರೈಲುಗಳು ಲಿಂಕನ್‌ಶೈರಿನ ನದಿ, ಕಾಲುವೆಗಳಿಗೆ ಹೋಗುತ್ತಿದ್ದವು. 1906ರಲ್ಲಿ ಥೇಮ್ಸ್ ನದಿಯ ಮೇಲೆ ರಾಷ್ಟ್ರಮಟ್ಟದ ತಂಡ ಪಂದ್ಯವೂ ಶುರುವಾಯಿತು. ಆಮೇಲೆ ವಿಶ್ವ ಚಾಂಪಿಯನ್‌ಶಿಪ್ಪುಗಳು ಬಂದವು. ಬಾಬ್ ನಡ್ ನಾಲ್ಕು ಸಲ, ಅಲನ್ ಸ್ಕಾಟ್‌ಹಾರ್ನ್ ಐದು ಸಲ ವಿಶ್ವವಿಜೇತರು. ನಮ್ಮ ದಂಡೆಯಲ್ಲಿ ಈ ಹೆಸರುಗಳನ್ನು ಹೇಳುವಾಗ ಗಟ್ಟಿ ಗಂಡಸರ ದನಿಯೂ ತುಸು ಮೆತ್ತಗಾಗುತ್ತದೆ. ಬೀದಿಯಲ್ಲಿ ಎದುರಾದರೆ ಉಳಿದ ಇಂಗ್ಲೆಂಡಿಗೆ ಅವರ ಗುರುತು ಸಿಗುತ್ತದೆಯೇ, ಅನುಮಾನ.

ಸಿಳ್ಳು ಹಾಕಿದರು. ನನ್ನ ಕೈಯಲ್ಲಿ ಕ್ಲಬ್ಬಿನವರು ಎರವಲು ಕೊಟ್ಟ ಗಳ. ಬಿದಿರಿನದಲ್ಲ, ಕಾರ್ಬನ್ನಿನದು, 13 ಮೀಟರ್ ಉದ್ದ, ಒಂದು ಕಿಲೋ ಕೂಡ ಭಾರವಿಲ್ಲ, ಬೆಲೆ ಕೇಳಿದರೆ ಕೈ ನಡುಗುತ್ತದೆ, ಆದ್ದರಿಂದ ಕೇಳಬಾರದು. ಇದಕ್ಕೆ ಸುತ್ತುವ ರಾಟೆಯಿಲ್ಲ. ತುದಿಯೊಳಗೆ ರಬ್ಬರು ಎಳೆ, ಅದಕ್ಕೆ ತಲೆಗೂದಲಷ್ಟು ತೆಳುವಿನ ದಾರ, ಕಾಳುಮೆಣಸಿಗಿಂತ ತುಸು ದಪ್ಪದ ಬೆಂಡು, ಬರಿಗಣ್ಣಿಗೆ ಕಂಡೂ ಕಾಣದ ಕೊಕ್ಕೆ. ದಾರಕ್ಕೆ ಕಚ್ಚಿಸುವ ಗುಂಡುಗಳು ಸೀಸದವಲ್ಲ. ಸೀಸ ನುಂಗಿ ಹಂಸಗಳು ಸಾಯುತ್ತವೆಂದು 1987ರಿಂದ ಬಹುತೇಕ ಗಾತ್ರಗಳಲ್ಲಿ ಅದನ್ನು ಮಾರುವಂತಿಲ್ಲ. ಮೀನು ಕಚ್ಚಿದರೆ ಗಳವನ್ನು ಹಿಂದಕ್ಕೆ ಜಾರಿಸುತ್ತಾ ಹೋಗಿ ತುಂಡು ತುಂಡಾಗಿ ಬಿಚ್ಚಬೇಕು. ಹಿಂದೆ ಇರುವುದು ಸೈಕಲ್ಲಿನ ಹಾದಿ. ಮೀನು ಮುಂದೆ ಎಳೆಯುತ್ತದೆ, ಸೈಕಲ್ಲಿನವನು ಹಿಂದೆ ಬಯ್ಯುತ್ತಾನೆ. ಮೇಲೆ ಕರೆಂಟಿನ ತಂತಿ ಹಾದಲ್ಲಿ ಗಳ ಎತ್ತಬಾರದೆಂಬ ಫಲಕ ಬೇರೆ, ಯಾಕೆಂದರೆ ಕಾರ್ಬನ್ನಿಗೆ ಕರೆಂಟು ಸಲೀಸು. ಚಿಂತನಶೀಲರಿಗೆ ಇಲ್ಲಿ ಜಾಗವಿಲ್ಲ.

ಹಾದಿಹೋಕರ ಪ್ರಶ್ನೆಗಳು ಎರಡೇ. ‘ಏನಾದರೂ ಸಿಕ್ಕಿತಾ?’ ಎಂಬುದು ಒಂದು. ‘ಸಿಕ್ಕಿದ್ದನ್ನು ತಿನ್ನುತ್ತೀರಾ?’ ಎಂಬುದು ಎರಡನೆಯದು. ಎರಡನೆಯದನ್ನು ಉಳಿದವರಿಗಿಂತ ನನಗೇ ಹೆಚ್ಚು ಕೇಳಿದರು, ಮುಖ ನೋಡಿ ಮೀನು ತಿನ್ನುವ ಊರಿನವನೆಂದು ಗೊತ್ತಾಗುತ್ತದೋ ಏನೋ. ಒಂದು ನಾಯಿ ಬಂದು ನಾನು ನೀರಿಗೆ ಹಾಕಲೆಂದು ಪುಡಿ ಮಾಡಿಟ್ಟಿದ್ದ ಬ್ರೆಡ್ಡಿನ ಅರ್ಧವನ್ನು ತಿಂದು, ಪಿಂಕಿಗಳನ್ನು ಮೂಸಿ, ಹೆಂಡತಿಯ ಮುಖದಲ್ಲಿ ನಾನು ಕಂಡಿದ್ದ ಅದೇ ಭಾವದಿಂದ ನನ್ನನ್ನು ನೋಡಿ ಹೋಯಿತು.

ಪಕ್ಕದ ಪೆಗ್ಗಿನಲ್ಲಿ ಎದುರಾಳಿ ತಂಡದ ಒಬ್ಬ. ಅವನ ಬೆಂಡೂ ಅಲ್ಲಾಡುತ್ತಿರಲಿಲ್ಲವಾದ್ದರಿಂದ ಸ್ನೇಹ ಬೆಳೆಯಲು ಅಡ್ಡಿಯಿರಲಿಲ್ಲ. ನಾನು ಕರ್ನಾಟಕದವನೆಂದು ತಿಳಿದದ್ದೇ ಕಣ್ಣರಳಿಸಿದ. ‘ಕಾವೇರಿ! ಮಹಶೀರ್!’ ಗಾಳದವರ ಲೋಕದಲ್ಲಿ ಬೆಂಗಳೂರಿಗಿಂತ ಕಾವೇರಿ ದೊಡ್ಡ ಊರು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ರಾಜಮಹಾರಾಜರು ಹೊಡೆದ ಹುಲಿಗಳಿಗೆ ಹೊಟ್ಟು ತುಂಬಿ ನಿಲ್ಲಿಸುತ್ತಿದ್ದವರು, 120 ಪೌಂಡಿನ ಮಹಶೀರ್, ಅಂದರೆ ನಮ್ಮ ಬಿಳಿಮೀನು, ಹಿಡಿದ ಕಥೆ ಅವನಿಗೆ ಬಾಯಿಪಾಠ. ರಾಗಿ ಹಿಟ್ಟಿನ ಉಂಡೆಯೇ ಅದಕ್ಕೆ ಎರೆಯೆಂಬುದೂ ಗೊತ್ತು. ‘ನಿನ್ನ ಹತ್ತಿರ ರಾಗಿ ಇದೆಯಾ?’ ಎಂದು ದನಿ ತಗ್ಗಿಸಿ ಕೇಳಿದ, ನಾನು ಜೇಬಿನಲ್ಲಿ ಇಟ್ಟುಕೊಂಡೇ ತಿರುಗುವವನೆಂಬಂತೆ. ನಾನು ಕಡಲ ಕಡೆಯವನು. ಮುದ್ದೆಯನ್ನು ಕಂಡದ್ದೇ ಘಟ್ಟ ಹತ್ತಿ ಕಾಲೇಜಿಗೆ ಹೋದ ಮೇಲೆ, ಬಿಳಿಮೀನನ್ನು ಇವತ್ತಿಗೂ ಕಂಡಿಲ್ಲ. ಆದರೂ ಪರದೇಶದಲ್ಲಿ ಕೂತವನು ನಾಡಿನ ಮೀನುಗಳಿಗೆಲ್ಲ ಏಕೈಕ ವಾರಸುದಾರನಲ್ಲವೇ? ರಾಗಿಯನ್ನು ಹೇಗೆ ಕಲಸಬೇಕು, ಎಷ್ಟು ಬೇಯಿಸಬೇಕು, ಉಂಡೆ ಎಷ್ಟು ದಪ್ಪವಿರಬೇಕು ಎಂದು ಅಧಿಕಾರವಾಣಿಯಿಂದ ವಿವರಿಸಿದೆ. ಅವನು ತಲೆಯಾಡಿಸುತ್ತಾ ಕೇಳಿಸಿಕೊಂಡ. ಎದುರಾಳಿ ತಂಡದ ಒಬ್ಬನ ಗಮನವನ್ನು ಅರ್ಧ ತಾಸು ಬೆಂಡಿನ ಮೇಲಿಂದ ತಪ್ಪಿಸಿದ್ದನ್ನು ಆಮೇಲೆ ಕ್ಯಾಪ್ಟನ್ ನನ್ನ ತಂತ್ರವೆಂದೇ ಎಣಿಸಿ ಮೆಚ್ಚಿದ. ನಾನು ತಿದ್ದಲು ಹೋಗಲಿಲ್ಲ.

ನಾಲ್ಕನೆಯ ತಾಸಿಗೆ ಒಂದು ದೋಣಿ ಬಂತು. ಚಳಿಗಾಲದ ಕಾಲುವೆಯಲ್ಲಿ ದೋಣಿ ಅಪರೂಪ, ಬಂದರೂ ತಾಸಿಗೆ ನಾಲ್ಕು ಮೈಲಿ ಮೀರುವಂತಿಲ್ಲ. ಸಾಲಾಗಿ ಎಲ್ಲರ ಗಳಗಳೂ ಮೇಲೆದ್ದವು. ದೋಣಿಯಾತ ಚಹಾ ಹೀರುತ್ತಾ, ರಾಜ ದಂಡಿನ ವಂದನೆ ಸ್ವೀಕರಿಸುವ ಗತ್ತಿನಲ್ಲಿ, ತಲೆ ಬಾಗಿಸಿ ಹೋದ. ಬಯ್ಯಲು ನಾನು ಬಾಯಿ ತೆರೆದಿದ್ದೆ. ಪಕ್ಕದವನು ತಡೆದ. ದೋಣಿ ಹೋದರೆ ತಳದ ಕೆಸರು ಏಳುತ್ತದೆ, ತಿಳಿನೀರಿನಲ್ಲಿ ಹೆದರಿ ಕೂತ ಮೀನಿಗೆ ಧೈರ್ಯ ಬರುತ್ತದೆ. ಈ ಗುಟ್ಟನ್ನು ನನಗೆ ಹೇಳಿದ್ದು ರಾಗಿಯ ಋಣಕ್ಕೋ ಏನೋ. ಒಂದು ಪಿಂಕಿ ಚುಚ್ಚಿ ಇಳಿಬಿಟ್ಟೆ. ಬೆಂಡು ನಡುಗಿತು, ಮುಳುಗಿತು. ಎತ್ತಿದೆ. ರಬ್ಬರು ಎಳೆ ಒಂದಂಗುಲವೂ ಹಿಗ್ಗಲಿಲ್ಲ. ತುದಿಯಲ್ಲಿ ನೇತಾಡುತ್ತಿದ್ದದ್ದು ಗಜನ್ ಎಂಬ ಪುಟ್ಟ ಮೀನು, ಬಾಯಿಯ ಎರಡೂ ಬದಿಗೆ ಎರಡು ಪುಟ್ಟ ಮೀಸೆ, ಮೈತುಂಬ ನೀಲಿ ಚುಕ್ಕೆ. ಹಲ್ಲಿಲ್ಲದ ತುಟಿಯಿಂದ ಕೊಕ್ಕೆ ಬಿಡಿಸುವಾಗ ಮಾತ್ರ ಆ ದಂಡೆಯಲ್ಲಿ ನನ್ನಷ್ಟು ಅನುಭವಸ್ಥ ಇನ್ನೊಬ್ಬನಿರಲಿಲ್ಲ. ನೋವಾಗುತ್ತದೆಯೇ ಎಂದು ಕೇಳುವುದೊಂದು ಬಾಕಿ. ಪಕ್ಕದವನು ಚಪ್ಪಾಳೆ ತಟ್ಟಿ, ಕೂಡಲೇ ತಾನು ಯಾವ ತಂಡದವನೆಂದು ನೆನಪಾಗಿ ನಿಲ್ಲಿಸಿದ.

ಕೊನೆಯ ಸಿಳ್ಳಿನ ನಂತರ ತಕ್ಕಡಿಯವರು ದಂಡೆಗುಂಟ ಬರುತ್ತಾರೆ. ಅವರಿಗಿಂತ ಮುಂಚೆ ಸುದ್ದಿ ಬರುತ್ತದೆ, ಸುದ್ದಿಯೆಲ್ಲ ಸುಳ್ಳು. ‘ಏನೂ ಇಲ್ಲಪ್ಪ, ಒಂದೆರಡು ಚೂರುಪಾರು’ ಎಂದವನ ಬಲೆಚೀಲ ಎತ್ತಿದರೆ ಮೂರು ಪೌಂಡು. ಪರೀಕ್ಷೆ ಮುಗಿಸಿ ಬಂದು ‘ಪೇಪರ್ ಟಫ್ ಇತ್ತು ಮಾರಾಯ, ಪಾಸಾದರೆ ಪುಣ್ಯ’ ಎನ್ನುತ್ತಿದ್ದ ನಮ್ಮ ಕ್ಲಾಸಿನ ರ‍್ಯಾಂಕ್ ಹುಡುಗರು ಇವರೇ. ನಿಜವಾಗಿ ಏನೂ ಸಿಗದವರು ಮಾತ್ರ ದೊಡ್ಡ ಮೀನು ತಪ್ಪಿಸಿಕೊಂಡ ಕಥೆ ಹೇಳುತ್ತಾರೆ. ನನ್ನ ಬಲೆಚೀಲ ಎತ್ತಿದಾಗ ತಕ್ಕಡಿಯವನು ಮೊದಲು ಅದು ಖಾಲಿಯೆಂದೇ ತಿಳಿದು ಮುಂದೆ ಹೊರಟ. ಮೂಲೆಯಲ್ಲಿ ಮೀಸೆ ಅಲ್ಲಾಡಿತು. ಪೌಂಡು ಸೊನ್ನೆ, ಔನ್ಸು ಸೊನ್ನೆ, ಹತ್ತು ಡ್ರಾಂ. ಔನ್ಸಿನಲ್ಲಿ 16 ಡ್ರಾಂ, ಒಂದು ಡ್ರಾಮಿಗೆ ಎರಡು ಗ್ರಾಮೂ ಇಲ್ಲ. ಬಂಗಾರದ ಅಂಗಡಿಯ ಹೊರಗೆ ಇಷ್ಟು ನಾಜೂಕಿನ ತೂಕವನ್ನು ನಾನು ಕಂಡಿರಲಿಲ್ಲ. ನನ್ನ ಭಾಗದಲ್ಲಿ ಮೂವರು ಬರಿಗೈ. ಮತ್ತೊಬ್ಬನ ಬೆಳ್ಳಿ ಬಣ್ಣದ ರೋಚ್ ಮೀನು ಒಂಬತ್ತು ಡ್ರಾಂ. ಅವನು ಇನ್ನೊಮ್ಮೆ ತೂಗಿಸಿದ. ಒಂಬತ್ತೇ. ನಾನು ಎಂಟನೆಯವನು, ಐದು ಅಂಕ.

ಪಬ್ಬಿನ ಹಿಂದಿನ ಕೋಣೆಯಲ್ಲಿ ಲೆಕ್ಕ ಓದಿದರು. ನಮ್ಮ ತಂಡಕ್ಕೆ 38, ಪಕ್ಕದೂರಿನ ಕ್ಲಬ್ಬಿಗೆ 37. ನಮ್ಮದು ಐದನೆಯ ಸ್ಥಾನ, ಅವರದು ಆರನೆಯದು. ಬಹುಮಾನ ಮೊದಲ ಮೂವರಿಗೆ ಮಾತ್ರ, ಆದರೂ ಕ್ಯಾಪ್ಟನ್ ಮೇಜು ಗುದ್ದಿದ ರೀತಿ ನೋಡಿದರೆ ಕಪ್ಪು ನಮ್ಮದೇ ಅನ್ನಬೇಕು. ಪಕ್ಕದೂರಿನವರನ್ನು ಸೋಲಿಸುವುದರ ಮುಂದೆ ಗೆಲ್ಲುವುದು ದೊಡ್ಡ ವಿಷಯವೇನಲ್ಲ, ಇದು ಕುಮಟೆಯಲ್ಲೂ ಹಾಗೆಯೇ. ಸೇತುವೆಯ ಕೆಳಗೆ ಕೂತು ನಾಲ್ಕು ಪೌಂಡಿಗೂ ಹೆಚ್ಚು ಬ್ರೀಮ್ ಎತ್ತಿ 12 ಅಂಕ ತಂದ ಪ್ಲಂಬರನಿಗೆ ಕ್ಯಾಪ್ಟನ್ ಕತ್ತು ಕುಣಿಸಿದ, ಅಷ್ಟೇ. ನನ್ನನ್ನು ಮಾತ್ರ ಮೇಜಿನಿಂದ ಮೇಜಿಗೆ ಕರೆದುಕೊಂಡು ಹೋಗಿ ‘ಹತ್ತು ಡ್ರಾಮಿನ ಡಾಕ್ಟರು’ ಎಂದು ಪರಿಚಯ ಮಾಡಿಸಿದ. ಪ್ಲಂಬರನಿಗೆ ಬೇಸರವಾಗಿತ್ತು. ಎರಡು ಸಲ ತನ್ನ ಬ್ರೀಮಿನ ತೂಕ ಹೇಳಿದ, ಎರಡು ಸಲವೂ ಎದುರಿದ್ದವರು ನನ್ನ ಗಜನ್ನಿಗೆ ಮೀಸೆ ಎಷ್ಟುದ್ದವಿತ್ತೆಂದು ಕೇಳಿದರು.

ಆಮೇಲೆ ಆರೂ ಜನ, ಕೈ ಚೆನ್ನಾಗಿ ತೊಳೆದುಕೊಂಡು, ಎದುರಿನ ಅಂಗಡಿಗೆ ಊಟಕ್ಕೆ ಹೋದೆವು. ಎಲ್ಲರೂ ತರಿಸಿಕೊಂಡದ್ದು ಫಿಶ್ ಅಂಡ್ ಚಿಪ್ಸ್. ಹಿಟ್ಟಿನಲ್ಲಿ ಅದ್ದಿ ಕರಿದ ದೊಡ್ಡ ಕಾಡ್ ಮೀನು, ಮುಳ್ಳು ತೆಗೆದದ್ದು, ತೂಕ ಯಾರೂ ಕೇಳಲಿಲ್ಲ.

ರಾತ್ರಿ ಊರಿಗೆ ಫೋನು ಮಾಡಿ ಆಯಿಗೆ ಎಲ್ಲ ಹೇಳಿದೆ. ಅವಳು ನಡುವೆ ಒಂದೂ ಮಾತಾಡದೆ ಕೇಳಿಸಿಕೊಂಡಳು. ಬಿಟ್ಟುಬಂದೆ ಎಂದಾಗಲೂ ಸುಮ್ಮನಿದ್ದಳು. ಊಟದ ಸುದ್ದಿ ಬಂದಾಗ ಮಾತ್ರ ತಡೆದಳು.

‘ತಮಾ, ಆ ಅಂಗಡಿ ಬೆಳಗ್ಗೆ ಬಾಗ್ಲು ತೆಗೀತಿಲ್ವನಾ?’